ನರದ ಮಿಂಚು, ಹಾವಿನ ನಂಜು

ಹಾವು ಕಡಿಯುವುದು ರೋಗವೆ? ಮಾತಿನ ಮರ್ಯಾದೆಯನ್ನು ಬಲ್ಲವರು ಈ ಪ್ರಶ್ನೆಗೆ ಅಲ್ಲವೆಂದೇ ಉತ್ತರ ಕೊಟ್ಟಾರು. ರೋಗವು ಒಳಗೆ ಬೆಳೆದು ಹೊರಗೆ ತೋರುವಂಥದು. ಹಾವಿನ ಕಡಿತವೋ ಹೊರಗಿನಿಂದ ಬಂದೆರಗುವ ಆಪತ್ತು. ಆದರೂ 2024ರ ಫೆಬ್ರವರಿ ತಿಂಗಳಿನಲ್ಲಿ ಕರ್ನಾಟಕ ಸರಕಾರವು 2020ರ ಸಾಂಕ್ರಾಮಿಕ ರೋಗಗಳ ಅಧಿನಿಯಮದ ಮೇರೆಗೆ ಹಾವು ಕಡಿತವನ್ನು ‘ಅಧಿಸೂಚಿತ ರೋಗ’ವೆಂದು ಸಾರಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಅದರ ಮಾರನೆಯ ತಿಂಗಳೇ ಕೇಂದ್ರ ಸರಕಾರವು ಹಾವು ಕಡಿತದ ಸಾವುಗಳನ್ನು 2030ರ ಹೊತ್ತಿಗೆ ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕಾರ್ಯಯೋಜನೆಯನ್ನು ಹೊರಡಿಸಿತು. ನವೆಂಬರಿನಲ್ಲಿ ಉಳಿದ ರಾಜ್ಯಗಳೂ ಕರ್ನಾಟಕದ ಹಾದಿಯನ್ನೇ ಹಿಡಿಯಬೇಕೆಂದು ಪತ್ರ ಬರೆಯಿತು. ಶಬ್ದಕ್ಕೆ ಸ್ವಲ್ಪ ಅಪಚಾರವಾಗಿರಬಹುದು. ಆದರೆ ‘ರೋಗ’ವೆಂಬ ಪಟ್ಟ ಸಿಕ್ಕಿದ್ದರಿಂದ ಸರಕಾರಿ ಆಸ್ಪತ್ರೆಯಿರಲಿ, ಖಾಸಗಿ ದವಾಖಾನೆಯಿರಲಿ, ತನ್ನಲ್ಲಿಗೆ ಬಂದ ಪ್ರತಿಯೊಂದು ಕಡಿತವನ್ನೂ ಪ್ರತಿಯೊಂದು ಸಾವನ್ನೂ ತಪ್ಪದೆ ವರದಿ ಮಾಡಬೇಕಾಗಿ ಬಂದಿದೆ. ಇಷ್ಟು ಲಾಭಕ್ಕಾಗಿ ವ್ಯಾಕರಣವು ತುಸು ಬಾಗಿದರೆ ನನ್ನ ಆಕ್ಷೇಪವಿಲ್ಲ.

ಕನ್ನಡ ಅಧ್ಯಾಪಕನೊಬ್ಬನು ಈ ವಿಷಯಕ್ಕೆ ಕೈಹಾಕಿದ್ದೇಕೆಂದು ವಾಚಕರು ಕೇಳಬಹುದು. ನಾನು ಕೃಷ್ಣೆಯ ದಂಡೆಯ ಸತ್ತಿಯವನು. ನಮ್ಮ ಅಥಣಿ ಸೀಮೆಯಲ್ಲಿ ಹೊಳೆಯ ಇಕ್ಕೆಲಗಳಿಗೂ ಕಣ್ಣು ಹೋದಷ್ಟು ದೂರ ಕಬ್ಬು. ಕಬ್ಬಿನೊಳಗೆ ಇಲಿ, ಇಲಿಯ ಹಿಂದೆ ಹಾವು. ಹಾವಿನ ದಾರಿಗೆ ಅಡ್ಡವಾಗಿ, ಕತ್ತಲಲ್ಲಿ, ಬರಿಗಾಲಿನ ಮನುಷ್ಯ. 2019ರ ಆಗಸ್ಟಿನಲ್ಲಿ ಹೊಳೆಯುಕ್ಕಿ ಊರೂರುಗಳ ಜನ ಗುಳೆ ಎದ್ದಂತೆ ಎತ್ತರದ ಜಾಗಗಳಿಗೆ ಹೋದಾಗ ಹಾವುಗಳೂ ಜೀವ ಉಳಿಸಿಕೊಳ್ಳಲು ಅದೇ ಎತ್ತರಗಳನ್ನು ಹುಡುಕಿ ಬಂದುವು. ಹೀಗಾಗಿ ಇದು ನಮಗೆ ಬೆಂಗಳೂರಿನ ಸುತ್ತೋಲೆಯಷ್ಟೇ ಅಲ್ಲ, ಹಿತ್ತಿಲ ಸಂಗತಿ. ಇನ್ನೊಂದು ಕಾರಣವೂ ಉಂಟು. ಈ ಸುತ್ತೋಲೆಯ ಹಿಂದಿರುವ ವಿಜ್ಞಾನ, ಎಂದರೆ ನಮ್ಮ ನರಗಳಲ್ಲಿ ಮಿಂಚು ಹೇಗೆ ಹುಟ್ಟುತ್ತದೆ, ಹೇಗೆ ಹರಿಯುತ್ತದೆ, ನಂಜು ಅದನ್ನು ಎಲ್ಲಿ ತಡೆಯುತ್ತದೆ ಎಂಬ ತಿಳಿವು, ತಿಳಿಗನ್ನಡದಲ್ಲಿ ಜನಕ್ಕೆ ಮುಟ್ಟದ ಹೊರತು ಸುತ್ತೋಲೆ ಬರಿಯ ಕಾಗದವಾಗಿಯೇ ಉಳಿದೀತು. ಆ ಕೆಲಸವನ್ನು ವೈದ್ಯರ ಮೇಲೆ ಹೊರಿಸಿ ನಾವು ಸುಮ್ಮನಿರುವುದು ನ್ಯಾಯವಲ್ಲ.

‘ನರ’ ಎಂಬ ಮಾತಿಗೆ ನಮ್ಮಲ್ಲಿ ಎರಡು ತವರುಮನೆಗಳಿವೆ. ಸಂಸ್ಕೃತದಿಂದ ಬಂದ ನರನು ಮನುಷ್ಯ. ಅಚ್ಚಗನ್ನಡದ ನರವು ಮೈಯೊಳಗಿನ ತಂತು. ಎರಡನೆಯದರ ದಾಯಾದಿಯಾದ ತಮಿಳಿನ ‘ನರಂಬು’ ಎಂಬುದಕ್ಕೆ ಯಾಳ್ ಎಂಬ ಹಳೆಯ ವಾದ್ಯದ ತಂತಿಯೆಂಬ ಅರ್ಥವೂ ಇದೆ. ನರವನ್ನು ಮೀಟಿದರೆ ಏನೋ ಒಂದು ಹರಿದು ಹೋಗುತ್ತದೆ ಎಂಬ ಅನಿಸಿಕೆ ನಮ್ಮ ಹಿರಿಯರ ಮಾತಿನಲ್ಲೇ ಅಡಗಿದ್ದಿರಬೇಕು. ಆದರೆ ಹರಿಯುವುದು ಏನು? ಇಟಲಿಯ ಗ್ಯಾಲ್ವಾನಿ ಎಂಬ ಪಂಡಿತನು ಹದಿನೆಂಟನೆಯ ಶತಮಾನದ ಕೊನೆಗೆ, ಸತ್ತ ಕಪ್ಪೆಯ ಕಾಲಿನ ನರಕ್ಕೆ ಲೋಹ ತಾಗಿಸಿದಾಗ ಕಾಲು ಜಾಡಿಸಿದ್ದನ್ನು ಕಂಡು, ಜೀವದಲ್ಲಿ ವಿದ್ಯುತ್ತು ಇದೆಯೆಂದು 1791ರಲ್ಲಿ ಬರೆದನು. ಅದು ಎಷ್ಟು ಬೇಗ ಓಡುತ್ತದೆಂಬುದನ್ನು ಅಳೆಯಲು ಯಾರಿಂದಲೂ ಆಗದೆಂದು ದೊಡ್ಡ ದೊಡ್ಡವರೇ ನಂಬಿದ್ದರು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅಳೆದೇ ಬಿಟ್ಟನು: ಕಪ್ಪೆಯ ನರದಲ್ಲಿ ಸೆಕೆಂಡಿಗೆ ಸುಮಾರು 27 ಮೀಟರು. ಮಿಂಚಿನ ವೇಗವಲ್ಲ, ಬೆಳಕಿನ ವೇಗವಂತೂ ಅಲ್ಲವೇ ಅಲ್ಲ; ಬಿರುಗಾಳಿಯ ವೇಗ. ತಾಮ್ರದ ತಂತಿಯಲ್ಲಿ ಹರಿಯುವಂಥ ವಿದ್ಯುತ್ತು ಇದಾಗಿರಲಾರದೆಂಬ ಶಂಕೆ ಅಂದೇ ಹುಟ್ಟಿತು.

ಶಂಕೆ ನಿಜವಾಯಿತು. ನರಕೋಶವೆಂದರೆ ಒಂದು ತೆಳುಪೊರೆಯ ಚೀಲ. ಅದರಿಂದ ಹೊರಟ ಉದ್ದನೆಯ ಎಳೆಯೇ ನರತಂತು. ಪೊರೆಯ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ನಾವು ಊಟಕ್ಕೆ ಬಳಸುವ ಉಪ್ಪಿನೊಳಗಿನ ಸೋಡಿಯಮ್ಮೇ ಇದು; ನೀರಿನಲ್ಲಿ ಕರಗಿದಾಗ ಅದರ ಒಂದೊಂದು ಕಣವೂ ಧನವಿದ್ಯುತ್ತನ್ನು ಹೊತ್ತಿರುತ್ತದೆ. ಪೊರೆಯಲ್ಲಿ ಕುಳಿತ ಸೂಕ್ಷ್ಮವಾದ ರೇಚಕವೊಂದು ಹಗಲಿರುಳೂ ಮೂರು ಸೋಡಿಯಂ ಕಣಗಳನ್ನು ಹೊರಕ್ಕೆ ತಳ್ಳಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಕ್ಕೆ ಎಳೆಯುತ್ತಿರುತ್ತದೆ. ಡೆನ್ಮಾರ್ಕಿನ ಸ್ಕೌ ಎಂಬವರು 1957ರಲ್ಲಿ ಈ ರೇಚಕವನ್ನು ಕಂಡುಹಿಡಿದರು. ನೊಬೆಲ್ ಬಹುಮಾನ ಅವರ ಮನೆಯ ಬಾಗಿಲಿಗೆ ಬರಲು ನಲವತ್ತು ವರುಷ ಬೇಕಾಯಿತು. ಒಳಗೆ ಸೇರಿದ ಪೊಟ್ಯಾಸಿಯಂ ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ಸೋರುತ್ತದೆ. ಹೀಗೆ ಸೋರಿದಷ್ಟೂ ಒಳಗೆ ಋಣ, ಹೊರಗೆ ಧನ. ಅಳೆದರೆ ಅಂತರ ಸುಮಾರು 70 ಮಿಲಿವೋಲ್ಟ್. ಕೈಗಡಿಯಾರದ ಕೋಶಕ್ಕೂ ಎಷ್ಟೋ ಕಡಮೆ. ಇಷ್ಟೇ ತಾನೆ ಎಂದು ಮೂಗು ಮುರಿಯಬಾರದು. ಆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತಲೂ ಕಡಮೆ. ಅಷ್ಟು ಕಿರಿದಾದ ಎಡೆಯಲ್ಲಿ ಅಷ್ಟು ಅಂತರವೆಂದರೆ ಒಂದು ಸೆಂಟಿಮೀಟರಿಗೆ ಲಕ್ಷ ವೋಲ್ಟಿನ ಲೆಕ್ಕ ಬೀಳುತ್ತದೆ. ಗಾಳಿಯನ್ನು ಸೀಳಿ ಕಿಡಿ ಹಾರಲು ಸೆಂಟಿಮೀಟರಿಗೆ ಮೂವತ್ತು ಸಾವಿರ ಸಾಕು. ನಾವು ಸುಮ್ಮನೆ ಕಟ್ಟೆಯ ಮೇಲೆ ಕುಳಿತಾಗಲೂ ನಮ್ಮ ಒಂದೊಂದು ನರದ ಪೊರೆಯೂ ಸಿಡಿಲ ಮೋಡಕ್ಕಿಂತ ಬಿಗಿಯಾಗಿ ಕಾದಿರುತ್ತದೆ!

ಕಾದದ್ದು ಸಿಡಿಯುವುದು ಹೇಗೆ? ಪೊರೆಯಲ್ಲಿ ಸೋಡಿಯಮ್ಮಿಗೆಂದೇ ಮಾಡಿದ ಬಾಗಿಲುಗಳಿವೆ. ಸುಮ್ಮನಿರುವಾಗ ಅವು ಮುಚ್ಚಿರುತ್ತವೆ. ಒಂದೆಡೆಯಲ್ಲಿ ಒಳಗಿನ ಋಣವು 70ರಿಂದ ಸುಮಾರು 55ಕ್ಕೆ ಇಳಿಯಿತೆಂದರೆ ಬಾಗಿಲುಗಳು ಒಮ್ಮೆಗೇ ತೆರೆದುಕೊಳ್ಳುತ್ತವೆ, ಸೋಡಿಯಂ ನುಗ್ಗುತ್ತದೆ, ಆ ಎಡೆಯಲ್ಲಿ ಒಳಗು ಹೊರಗು ಅದಲುಬದಲಾಗಿ, ಒಳಗೇ ಧನವಾಗುತ್ತದೆ. ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಆ ಬಾಗಿಲು ಮುಚ್ಚಿ ಪೊಟ್ಯಾಸಿಯಂ ಬಾಗಿಲು ತೆರೆದು ಮೊದಲಿನ ಸ್ಥಿತಿ ಮರಳುತ್ತದೆ. ಆದರೆ ಅಷ್ಟರೊಳಗೆ ಪಕ್ಕದ ಎಡೆಯ ಋಣವೂ ತಗ್ಗಿ ಅಲ್ಲಿಯ ಬಾಗಿಲು ತೆರೆದಿರುತ್ತದೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಹರಡಿದ ರವದಿಗೆ ಬೆಂಕಿ ಹಚ್ಚುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದೇವೆ (ಹಚ್ಚಬಾರದೆಂದು ಕೃಷಿ ಇಲಾಖೆಯವರು ಹೇಳುತ್ತಲೇ ಇದ್ದಾರೆ, ಅದು ಬೇರೆಯ ಮಾತು). ಒಂದು ಎಲೆ ಮುಂದಿನ ಎಲೆಗೆ ಉರಿ ಕೊಡುತ್ತದೆ. ಬದುವಿನ ಈ ತುದಿಯಲ್ಲಿ ಹಚ್ಚಿದ ಉರಿ ಆ ತುದಿಗೆ ಹೋಗುವಾಗ ಬಡವಾಗುವುದಿಲ್ಲ, ಏಕೆಂದರೆ ಅದು ದಾರಿಯುದ್ದಕ್ಕೂ ಅಲ್ಲಲ್ಲಿಯ ಎಲೆಯನ್ನೇ ಉಂಡು ಬೆಳೆಯುತ್ತದೆ. ಹಿಂದಕ್ಕೂ ಬರುವುದಿಲ್ಲ; ಉರಿದ ಜಾಗದಲ್ಲಿ ಉರಿಯಲು ಏನೂ ಉಳಿದಿರುವುದಿಲ್ಲ. ನರದ ಮಿಂಚೂ ಹೀಗೆಯೇ. ವ್ಯತ್ಯಾಸವೆಂದರೆ ಸುಟ್ಟ ರವದಿ ಮರಳಿ ಚಿಗುರದು. ನರವು ಕೆಲವೇ ಮಿಲಿಸೆಕೆಂಡುಗಳಲ್ಲಿ ಮತ್ತೆ ಉರಿಯಲು ಸಿದ್ಧವಾಗುತ್ತದೆ.

ಇದನ್ನೆಲ್ಲ ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ. ಮನುಷ್ಯನ ನರತಂತು ಕೂದಲಿಗಿಂತ ಬಹಳ ಸಣ್ಣ. ಆದರೆ ಸ್ಕ್ವಿಡ್ ಎಂಬ ಕಡಲಜೀವಿಯಲ್ಲಿ ಒಂದು ಮಿಲಿಮೀಟರಿನವರೆಗೂ ದಪ್ಪವಾದ ತಂತುವಿದೆ. ಅದರೊಳಗೆ ತಂತಿ ತೂರಿಸಿ ಅವರು ಅಳೆದರು. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನು ತಿರುಗಿಸಿ ತಿರುಗಿಸಿ ಸಮೀಕರಣಗಳನ್ನು ಬಿಡಿಸಿದರು. 1952ರಲ್ಲಿ ಆ ಬರಹಗಳು ಪ್ರಕಟವಾದುವು. 1963ರಲ್ಲಿ ನೊಬೆಲ್ ಬಂದಿತು. ಮನುಷ್ಯನ ಕೆಲವು ನರಗಳಿಗೆ ಕೊಬ್ಬಿನ ಕವಚವಿದ್ದು, ಮಿಂಚು ಕವಚದ ನಡುವಣ ಗೆಣ್ಣಿನಿಂದ ಗೆಣ್ಣಿಗೆ ಜಿಗಿಯುವುದರಿಂದ ವೇಗವು ಸೆಕೆಂಡಿಗೆ 120 ಮೀಟರಿನವರೆಗೂ ಏರುತ್ತದೆ.

ಇನ್ನು ಮುಖ್ಯ ಮಾತಿಗೆ ಬರೋಣ. ನರದ ತುದಿ ಮಾಂಸಖಂಡವನ್ನು ತಾಗುವುದಿಲ್ಲ. ನಡುವೆ ಒಂದು ಸಂದು ಇದೆ. ಮಿಂಚು ಆ ಸಂದನ್ನು ದಾಟಲಾರದು. ಬೆನ್ನುಹುರಿಯಿಂದ ಹೊರಟು ತೋಳಿನುದ್ದಕ್ಕೂ ಓಡಿಬಂದ ಸಂಕೇತವು ಹೊಳೆಯ ದಂಡೆಗೆ ಬಂದು ನಿಂತ ಓಲೆಕಾರನಂತೆ ನಿಲ್ಲುತ್ತದೆ. ಅಲ್ಲಿ ಅದು ದೋಣಿ ಏರಬೇಕು. ದೋಣಿಯೆಂದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ನರದ ತುದಿಯಲ್ಲಿ ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಅದು ತುಂಬಿಟ್ಟಿರುತ್ತದೆ, ಒಂದೊಂದು ಗುಳ್ಳೆಯಲ್ಲೂ ಸಾವಿರಾರು ಕಣ. ಮಿಂಚು ಬಂದೊಡನೆ ಕ್ಯಾಲ್ಸಿಯಂ ಒಳಕ್ಕೆ ನುಗ್ಗಿ ಗುಳ್ಳೆಗಳು ಒಡೆದು ರಾಸಾಯನಿಕ ಸಂದಿಗೆ ಸುರಿಯುತ್ತದೆ. ಆಚೆ ದಡದ ಮಾಂಸಖಂಡದಲ್ಲಿ ಅದನ್ನೇ ಕಾದಿರುವ ಬೀಗಗಳಿಗೆ ಬೀಗದ ಕೈಯಂತೆ ಹೊಂದಿಕೊಂಡು ಅಲ್ಲಿ ಹೊಸ ಮಿಂಚನ್ನು ಎಬ್ಬಿಸುತ್ತದೆ. ಕೆಲಸ ಮುಗಿದ ಮರುಗಳಿಗೆಯೇ ಒಂದು ಕಿಣ್ವ ಅದನ್ನು ಕತ್ತರಿಸಿಹಾಕುತ್ತದೆ. ನರಗಳು ರಾಸಾಯನಿಕದ ಮೂಲಕವೂ ಮಾತಾಡುತ್ತವೆಂಬುದನ್ನು 1921ರಲ್ಲಿ ಓಟೊ ಲೋವಿ ಎರಡು ಕಪ್ಪೆಗಳ ಗುಂಡಿಗೆಗಳಿಂದ ತೋರಿಸಿಕೊಟ್ಟನು. ಪ್ರಯೋಗದ ಬಗೆ ಅವನಿಗೆ ಕನಸಿನಲ್ಲಿ ಹೊಳೆಯಿತಂತೆ. ಕಣ್ಣೆವೆ ಮಿಟುಕಿಸುವುದೂ ಗುಟುಕು ನುಂಗುವುದೂ ಎದೆ ಏರಿಸಿ ಉಸಿರೆಳೆಯುವುದೂ ಈ ಸಂದನ್ನು ದಾಟಿಯೇ ನಡೆಯಬೇಕು.

ಹಾವು ಈ ಸಂದನ್ನು ಚೆನ್ನಾಗಿ ಬಲ್ಲದು. ಮಂಡಲದ ಹಾವುಗಳ ನಂಜು ಬಹುಮಟ್ಟಿಗೆ ರಕ್ತವನ್ನು ಕೆಡಿಸುವಂಥದು. ಅದನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ನಾಗರಹಾವಿನ ನಂಜಿನಲ್ಲಿರುವ ಒಂದು ಬಗೆಯ ಪ್ರೋಟೀನು ಆಚೆ ದಡದ ಬೀಗಗಳ ಕಿಂಡಿಗೆ ಮೇಣ ತುಂಬಿದಂತೆ ಕುಳಿತುಬಿಡುತ್ತದೆ. ನರದಲ್ಲಿ ಮಿಂಚಿದೆ, ದೋಣಿ ಹೊರಟಿದೆ, ಆದರೆ ಇಳಿಯಲು ಕಟ್ಟೆಯಿಲ್ಲ. ಕಟ್ಟುಹಾವಿನ ಕತೆ ಇನ್ನೂ ಕ್ರೂರ. ಕಡಂಬಳವೆಂದೂ, ನಮ್ಮ ನೆರೆಯ ಮರಾಠಿಯಲ್ಲಿ ಮಣ್ಯಾರವೆಂದೂ ಕರೆಯುವ ಈ ಕಪ್ಪು ಮೈಯ ಬಿಳಿ ಪಟ್ಟೆಯ ಹಾವಿನ ನಂಜಿನಲ್ಲಿ ಬೀಗಕ್ಕೆ ಮೇಣ ತುಂಬುವ ವಿಷವೂ ಇದೆ, ಈಚೆ ದಡದಲ್ಲಿ ದೋಣಿ ಕಟ್ಟುವ ಸಾಲೆಯನ್ನೇ ಹಾಳುಮಾಡುವ ವಿಷವೂ ಇದೆ. ಎರಡನೆಯದು ನರದ ತುದಿಯನ್ನೇ ತಿಂದುಹಾಕುತ್ತದೆ. ಈ ಕುಲಕ್ಕೆ ಪ್ರಾಣಿಶಾಸ್ತ್ರದಲ್ಲಿ ‘ಬಂಗಾರಸ್’ ಎಂದು ಹೆಸರು. ತೆಲುಗಿನ ‘ಬಂಗಾರು’ ಎಂಬ ಮಾತಿನಿಂದ, ಹೊಂಬಣ್ಣದ ಪಟ್ಟೆಯ ಒಂದು ಜಾತಿಯನ್ನು ನೋಡಿ ಬಂದದ್ದು. ನಮ್ಮ ಬಂಗಾರವು ಲ್ಯಾಟಿನ್ ವೇಷ ತೊಟ್ಟು ವಿಷದ ಹೆಸರಾಗಿ ಲೋಕ ಸುತ್ತಿದ್ದು ಭಾಷೆಯ ವಿನೋದಗಳಲ್ಲಿ ಒಂದು. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ಇಬ್ಬರು ಅಲ್ಲಿಯ ಕಟ್ಟುಹಾವಿನ ನಂಜಿನಿಂದ ಮೇಣದಂಥ ಆ ವಿಷವನ್ನು ಬೇರ್ಪಡಿಸಿದರು. ಅದು ಬೀಗವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ ಅದನ್ನೇ ಗಾಳದಂತೆ ಬಳಸಿ ವಿಜ್ಞಾನಿಗಳು ಬೀಗವನ್ನು ಹೊರಗೆಳೆದು ಅದರ ರೂಪವನ್ನು ತಿಳಿದರು. ನರವಿಜ್ಞಾನವು ಹಾವಿಗೆ ಋಣಿಯಾಗಿದೆ.

ಇದು ಪಂಡಿತರ ಸೊತ್ತಾಗಿ ಉಳಿಯಬಾರದ ತಿಳಿವು. ಏಕೆಂದರೆ ಇದರಿಂದಲೇ ಮನೆಯವರು ಮಾಡಬೇಕಾದದ್ದು, ಮಾಡಬಾರದ್ದು ತೀರ್ಮಾನವಾಗುತ್ತದೆ. ಕಟ್ಟುಹಾವು ರಾತ್ರಿಯ ಜೀವಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಡಿಯುತ್ತದೆ. ಹಲ್ಲು ಸಣ್ಣದು, ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗಾಯದ ಗುರುತೂ ಇಲ್ಲ. ಬೆಳಗಿನ ಜಾವಕ್ಕೆ ಹೊಟ್ಟೆ ನೋವೆಂದು ಎದ್ದವನಿಗೆ ಕಣ್ಣರೆಪ್ಪೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ನಾಲಗೆ ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಇದನ್ನು ಕಂಡವರು ಅಜೀರ್ಣವೆನ್ನುತ್ತಾರೆ, ಗಾಳಿ ಸೋಕಿದೆ ಎನ್ನುತ್ತಾರೆ, ಕುಡಿದಿದ್ದಾನೆ ಎಂದೂ ಅನ್ನುತ್ತಾರೆ. ರೆಪ್ಪೆ ಇಳಿದದ್ದೆಂದರೆ ಸಂದಿನ ದೋಣಿ ನಿಲ್ಲತೊಡಗಿದೆ ಎಂಬ ಸೂಚನೆ. ಮುಂದೆ ಎದೆಯ ಸರದಿ. ಕಾಲಿಗೆ ಹಗ್ಗ ಬಿಗಿದರೆ, ಗಾಯ ಕೊಯ್ದರೆ, ಬಾಯಿಟ್ಟು ಹೀರಿದರೆ ಈ ದೋಣಿ ಮತ್ತೆ ನಡೆಯುವುದಿಲ್ಲ, ಹೊಸ ಕೇಡೇ ಬರುತ್ತದೆ. ಕಡಿತವಾದ ಅಂಗವನ್ನು ಅಲ್ಲಾಡಿಸದೆ, ಆದಷ್ಟು ಬೇಗ ಪ್ರತಿವಿಷವಿರುವ ಆಸ್ಪತ್ರೆಗೆ ಮುಟ್ಟಿಸಬೇಕು.

ಬೇಗ ಎಂಬ ಮಾತಿಗೆ ಇಲ್ಲಿ ವಿಶೇಷ ತೂಕವಿದೆ. ಕುದುರೆಯ ರಕ್ತದಿಂದ ತಯಾರಿಸುವ ಪ್ರತಿವಿಷವು ರಕ್ತದಲ್ಲಿ ಇನ್ನೂ ಅಲೆಯುತ್ತಿರುವ ನಂಜನ್ನು ಹಿಡಿಯಬಲ್ಲದು. ನಾಗರಹಾವಿನ ಮೇಣವನ್ನು ತಕ್ಕಮಟ್ಟಿಗೆ ಸಡಿಲಿಸಬಹುದು. ನಿಯೋಸ್ಟಿಗ್ಮಿನ್ ಎಂಬ ಔಷಧ ದೋಣಿಗಳ ಸಂಖ್ಯೆ ಹೆಚ್ಚಿಸಿ ನೆರವಾಗುತ್ತದೆ. ಆದರೆ ಕಟ್ಟುಹಾವಿನ ನಂಜು ನರದ ತುದಿಯನ್ನು ತಿಂದಾದ ಮೇಲೆ ಯಾವ ಪ್ರತಿವಿಷವೂ ಅದನ್ನು ಮರಳಿ ಕಟ್ಟಿಕೊಡದು. ಆಗ ಉಳಿಯುವ ದಾರಿ ಒಂದೇ: ತುದಿ ತಾನಾಗಿ ಮತ್ತೆ ಚಿಗುರುವವರೆಗೆ ಯಂತ್ರವು ರೋಗಿಯ ಪರವಾಗಿ ಉಸಿರಾಡಬೇಕು. ಹಾಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ಉಸಿರು ಪಡೆದವರು ಎದ್ದು ನಡೆದು ಮನೆಗೆ ಹೋಗಿದ್ದಾರೆ. ಯಂತ್ರವಿಲ್ಲದಲ್ಲಿ ಕೈಯಿಂದ ಒತ್ತುವ ಉಸಿರಿನ ಚೀಲವನ್ನು ಒಬ್ಬರಾದ ಮೇಲೆ ಒಬ್ಬರು ಒತ್ತುತ್ತ ಹೋದರೂ ಜೀವ ನಿಲ್ಲುತ್ತದೆ. ಹಾವು ಕಡಿದವನು ಸಾಯುವುದು ನಂಜಿನಿಂದ ಎನ್ನುವುದಕ್ಕಿಂತ ಉಸಿರಿಲ್ಲದೆ ಎನ್ನುವುದೇ ಇಲ್ಲಿ ಸರಿಯಾದ ಮಾತು.

ನನ್ನ ವಿದ್ಯಾರ್ಥಿಯೊಬ್ಬ, ಬಿ.ಎ. ಎರಡನೆಯ ವರ್ಷದವನು, ಕಬ್ಬಿಗೆ ನೀರು ಬಿಡಲು ಹೋಗಿ ಪಂಪಿನ ಖೋಲಿಯ ಮುಂದೆ ನೆಲಕ್ಕೆ ತಟ್ಟು ಹಾಸಿ ಮಲಗಿದ್ದನು. ಬೆಳಗಾಗುವುದರೊಳಗೆ ಕಣ್ಣು ಮುಚ್ಚಿ ಮಾತು ನಿಂತಿತ್ತು. ಉಸಿರಿನ ಯಂತ್ರವಿರುವ ಊರಿಗೆ ಮುಟ್ಟುವಷ್ಟು ದೈವ ಅವನಿಗಿತ್ತು. ತಿಂಗಳಾದ ಮೇಲೆ ತರಗತಿಗೆ ಬಂದವನು ನನ್ನ ಕೋಣೆಗೆ ಬಂದು ಹೇಳಿದ್ದು ಇಷ್ಟು: ‘ಎಲ್ಲಾ ಕೇಳ್ತಿತ್ರಿ ಸರ್. ಅವ್ವ ಅಳೂದು ಕೇಳ್ತಿತ್ತು. ಇವ ಉಳಿಯೂದಿಲ್ಲಂತ ಒಬ್ಬರು ಅಂದದ್ದೂ ಕೇಳ್ತು. ಕಣ್ಣ ತಗಿಯಾಕ ಮಾತ್ರ ಬರಲಿಲ್ಲರಿ.’ ಆ ಮಾತು ನನ್ನನ್ನು ಎಷ್ಟೋ ರಾತ್ರಿ ಕಾಡಿದೆ. ಅವನ ಮಿದುಳಿನಲ್ಲಿ ಮಿಂಚು ಎಂದಿನಂತೆಯೇ ಓಡುತ್ತಿತ್ತು. ಕಿವಿ ಕೇಳುತ್ತಿತ್ತು, ಮನಸ್ಸು ಅರಿಯುತ್ತಿತ್ತು. ಕೆಟ್ಟಿದ್ದುದು ನರ ಮಾಂಸಗಳ ನಡುವಣ ಆ ಸಂದು ಮಾತ್ರ. ಕಟ್ಟುಹಾವು ಕಡಿದ ರೋಗಿಯಲ್ಲಿ ಕಣ್ಣಿನ ಪಾಪೆಯೂ ಬೆಳಕಿಗೆ ಅಲುಗದೆ ಇರಬಹುದು. ಮಿದುಳು ಸತ್ತಿದೆ ಎಂಬ ನಿರ್ಣಯಕ್ಕೆ ಇಂಥಲ್ಲಿ ಅವಸರಪಡಬಾರದೆಂದು ಬಲ್ಲ ವೈದ್ಯರು ಎಚ್ಚರಿಸುತ್ತಾರೆ. ಹಾಸಿಗೆಯ ಪಕ್ಕ ನಿಂತು ಏನು ಆಡಬೇಕು, ಏನು ಆಡಬಾರದು ಎಂಬುದನ್ನು ನಮ್ಮ ಬಂಧುಗಳೂ ಕಲಿಯಬೇಕಾಗಿದೆ.

ಈಗ ಸುತ್ತೋಲೆಗೆ ಮರಳೋಣ. ಎಣಿಕೆಯೇ ಮೊದಲ ಹೆಜ್ಜೆಯೆಂದು ಸರಕಾರ ತಿಳಿದದ್ದು ಸರಿ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು 2000ದಿಂದ 2019ರವರೆಗೆ ಭಾರತದಲ್ಲಿ ಹನ್ನೆರಡು ಲಕ್ಷ ಮಂದಿ ಹಾವು ಕಡಿದು ಸತ್ತರೆಂದು ಅಂದಾಜು ಮಾಡಿತು. ವರುಷಕ್ಕೆ ಸರಾಸರಿ 58,000. ಕರ್ನಾಟಕದ ಜನಸಂಖ್ಯೆ ದೇಶದ ನೂರರಲ್ಲಿ ಐದು ಪಾಲು. ಸಾವುಗಳು ಸಮನಾಗಿ ಹಂಚಿಹೋಗಿದ್ದರೆ ನಮ್ಮ ಪಾಲಿಗೆ ವರುಷಕ್ಕೆ ಸುಮಾರು 2,900 ಬೀಳಬೇಕಾಗಿತ್ತು. ಹಂಚಿಕೆ ಸಮನಾಗಿಲ್ಲ, ಬಿಹಾರ, ಝಾರ್ಖಂಡ, ಒಡಿಶಾ, ಮಧ್ಯಪ್ರದೇಶ ಮೊದಲಾದ ಕೆಲವು ರಾಜ್ಯಗಳಲ್ಲೇ ಸಾವಿನ ಹೆಚ್ಚಿನ ಭಾಗ ಬೀಳುತ್ತದೆ. ನಾಲ್ಕರಲ್ಲಿ ಒಂದು ಪಾಲೆಂದು ಹಿಡಿದರೂ ಏಳುನೂರು ಆಯಿತು. ಆದರೆ ಅಧಿಸೂಚನೆಗೆ ಮುಂಚಿನ ವರುಷ, ಎಂದರೆ 2023ರಲ್ಲಿ, ರಾಜ್ಯದ ಪುಸ್ತಕದಲ್ಲಿ ಬರೆದಿದ್ದುದು ಸುಮಾರು ಆರೂವರೆ ಸಾವಿರ ಕಡಿತ, ಇಪ್ಪತ್ತರೊಳಗೆ ಸಾವು! ಇಷ್ಟು ಕಡಮೆ ಸಾವಾಗಿದ್ದರೆ ಸಂತೋಷಪಡಬಹುದಾಗಿತ್ತು. ಯಾವ ತಾಲೂಕಿನ ಯಾವ ಹಿರಿಯನನ್ನು ಕೇಳಿದರೂ ಆ ಸಂತೋಷ ನಿಲ್ಲಲಾರದು.

ಉಳಿದವರು ಎಲ್ಲಿ ಹೋದರು? 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ ಹಾವು ಕಡಿದು ಸತ್ತವರಲ್ಲಿ ನೂರಕ್ಕೆ 77 ಮಂದಿ ಆಸ್ಪತ್ರೆಯ ಹೊರಗೆ ಸತ್ತವರು. ಆಸ್ಪತ್ರೆಯ ಪುಸ್ತಕವನ್ನು ಎಷ್ಟೇ ಕಟ್ಟುನಿಟ್ಟಾಗಿ ಬರೆಸಿದರೂ ಆಸ್ಪತ್ರೆಯ ಮೆಟ್ಟಿಲು ಹತ್ತದವನ ಹೆಸರು ಅದರಲ್ಲಿ ಬರಲಾರದು. ಸುತ್ತೋಲೆಯ ದೊಡ್ಡ ಕೊರತೆ ಇದೇ ಎಂದು ನನ್ನ ತಿಳಿವಳಿಕೆ. ಗ್ರಾಮಪಂಚಾಯಿತಿಯ ಮರಣದ ದಾಖಲೆಯೂ ಆಶಾ ಕಾರ್ಯಕರ್ತೆಯ ವಹಿಯೂ ಈ ಎಣಿಕೆಗೆ ಸೇರದ ಹೊರತು ನಿಜವಾದ ಸಂಖ್ಯೆ ಹೊರಬಾರದು.

ನಮ್ಮ ಸೀಮೆಗೆ ಇನ್ನೊಂದು ತೊಡಕೂ ಇದೆ. ಅಥಣಿ, ಕಾಗವಾಡ, ರಾಯಬಾಗ ಕಡೆಯ ಜನ ಭಾರಿ ಕಾಯಿಲೆ ಬಂದರೆ ತಲೆತಲಾಂತರದಿಂದ ಮಿರಜಿಗೆ ಓಡುವವರು. ಬೆಳಗಾವಿ ದೂರ, ಮಿರಜ ಹತ್ತಿರ. ರೋಗಿಗೆ ಭಾಷಾವಾರು ಪ್ರಾಂತದ ಗೆರೆ ಕಾಣುವುದಿಲ್ಲ. ಆದರೆ ಕರ್ನಾಟಕದ ಅಧಿನಿಯಮಕ್ಕೆ ಆ ಗೆರೆ ಕಾಣುತ್ತದೆ. ಕೃಷ್ಣೆಯ ದಂಡೆಯಲ್ಲಿ ಕಡಿಸಿಕೊಂಡು ಮಹಾರಾಷ್ಟ್ರದ ಮಿರಜದಲ್ಲಿ ಬದುಕಿದ ಅಥವಾ ಸತ್ತ ಮನುಷ್ಯನನ್ನು ಬೆಂಗಳೂರಿನ ಸುತ್ತೋಲೆ ಹಿಡಿಯಲಾರದು. ಇತ್ತ ಬೀಡ ಜಿಲ್ಲೆಯಿಂದ ನಮ್ಮ ಕಾರಖಾನೆಗಳಿಗೆ ಕಬ್ಬು ಕಡಿಯಲು ಬಂದವನು ನಮ್ಮ ಹೊಲದಲ್ಲಿ ಕಡಿಸಿಕೊಂಡು ತನ್ನ ಊರಿಗೆ ಮರಳಿ ಸತ್ತರೆ ಅವನು ಯಾರ ಲೆಕ್ಕ? ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ತಮ್ಮ ತಮ್ಮ ವಹಿಗಳನ್ನು ಪರಸ್ಪರ ತೋರಿಸಿಕೊಳ್ಳುವ ಒಂದು ಏರ್ಪಾಡು ಗಡಿ ಜಿಲ್ಲೆಗಳಲ್ಲಿ ಬೇಕೇ ಬೇಕು. ಗಡಿಯ ಬಗ್ಗೆ ನಾವು ಆಡಿದ ಮಾತುಗಳಿಗೆ ಲೆಕ್ಕವಿಲ್ಲ. ಇದೊಂದು ಮಾತನ್ನು ಆಡಿದವರನ್ನು ನಾನು ಕಂಡಿಲ್ಲ.

ಭಾಷೆಯೂ ಎಣಿಕೆಗೆ ಅಡ್ಡ ಬರುತ್ತದೆಂದರೆ ಆಶ್ಚರ್ಯವಾದೀತು. ನಮ್ಮ ಹಳ್ಳಿಗಳಲ್ಲಿ ಹಾವಿನ ಹೆಸರನ್ನು ರಾತ್ರಿ ಹೇಳುವುದಿಲ್ಲ. ‘ಹುಳ ಮುಟ್ಟೇತಿ’ ಎನ್ನುತ್ತಾರೆ. ಭಯಭಕ್ತಿಗಳಿಂದ ಹುಟ್ಟಿದ ಸುಂದರವಾದ ನುಡಿಕಟ್ಟು ಅದು; ಪಂಚಮಿಗೆ ಹಾಲೆರೆಯುವ ಕೈಗಳಿಗೆ ಒಪ್ಪುವ ಮಾತು. ಆದರೆ ಊರ ಹೊರಗಿನಿಂದ ಬಂದ ಎಳೆಯ ವೈದ್ಯರು ಅದನ್ನು ಅಕ್ಷರಶಃ ತೆಗೆದುಕೊಂಡು ಗೊತ್ತಿಲ್ಲದ ಹುಳದ ಕಡಿತವೆಂದು ಬರೆದುಕೊಂಡರೆ ಒಂದು ಹಾವು ಕಡಿತ ಪುಸ್ತಕದಿಂದ ಜಾರಿಹೋಯಿತು. ವೈದ್ಯಕೀಯ ಕಾಲೇಜುಗಳಲ್ಲಿ ಕನ್ನಡವನ್ನು ಕಲಿಸುವಾಗ ಇಂಥ ನಾಲ್ಕು ನುಡಿಕಟ್ಟುಗಳನ್ನು ಕಲಿಸಿದರೆ ಸಂಧಿ ಸಮಾಸಗಳಿಗಿಂತ ಹೆಚ್ಚು ಉಪಕಾರವಾದೀತು. ಸಂಧಿ ಸಮಾಸ ಕಲಿಸುವವನೇ ಈ ಮಾತನ್ನು ಹೇಳುತ್ತಿದ್ದೇನೆ.

ಮಂತ್ರವಾದಿಗಳನ್ನು ಬೈದು ಮುಗಿಸುವುದು ಸುಲಭ. ಕಡಿಯುವ ಹಾವುಗಳಲ್ಲಿ ನಂಜಿಲ್ಲದವೇ ಬಹಳ. ನಂಜಿನ ಹಾವೂ ಎಷ್ಟೋ ಸಲ ನಂಜು ಬಿಡದೆ ಕಡಿಯುತ್ತದೆ. ಹೀಗಾಗಿ ಮಂತ್ರ ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಬದುಕುತ್ತಾರೆ, ಮಂತ್ರಕ್ಕೆ ಕೀರ್ತಿ ಬರುತ್ತದೆ. ನಮ್ಮ ಸಾಹಿತ್ಯದಲ್ಲಿ ವಿಷವೈದ್ಯವು ಗೌರವದ ಶಾಸ್ತ್ರವಾಗಿತ್ತೆಂಬುದನ್ನೂ ಮರೆಯಬಾರದು. ಹದಿನಾಲ್ಕನೆಯ ಶತಮಾನದ ಜೈನ ಕವಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ಇಡೀ ಗ್ರಂಥವನ್ನೇ ಕನ್ನಡದಲ್ಲಿ ಈ ವಿಷಯಕ್ಕೆ ಮೀಸಲಿಟ್ಟನು. ಅವನ ಮದ್ದು ಇಂದು ನಮಗೆ ಬೇಡ. ಆದರೆ ತನ್ನ ಕಾಲಕ್ಕೆ ಗೊತ್ತಿದ್ದ ವಿಷಶಾಸ್ತ್ರವನ್ನು ತನ್ನ ಜನರ ಮಾತಿನಲ್ಲಿ ಬರೆಯಬೇಕೆಂದು ಅವನಿಗೆ ತೋರಿತಲ್ಲ, ಅದು ಬೇಕು. ನರಮಾಂಸಗಳ ಸಂದಿನ ಕತೆಯನ್ನು ಹೈಸ್ಕೂಲಿನ ಹುಡುಗನಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳುವ, ಪ್ರತಿ ಪಂಚಾಯಿತಿಯ ಕೈಗೂ ಸಿಗುವ ಒಂದು ಕಿರುಹೊತ್ತಗೆಯನ್ನು ಹೊರತರುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಅಷ್ಟು ದೊಡ್ಡ ಭಾರವೆ?

ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡವು ಕುದುರೆಯ ಹಂಗಿಲ್ಲದ ಹೊಸ ಪ್ರತಿವಿಷದ ಬೆನ್ನು ಹತ್ತಿದೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜತೆಗೂಡಿ ಅವರು 2024ರ ಫೆಬ್ರವರಿಯಲ್ಲಿ ಪ್ರಕಟಿಸಿದ ಸಂಶೋಧನೆಯ ತಿರುಳು ಬಲು ಚತುರವಾದುದು: ಮಾಂಸಖಂಡದ ಬೀಗವನ್ನೇ ಹೋಲುವ ಒಂದು ಪ್ರತಿಕಾಯವನ್ನು ಕೃತಕವಾಗಿ ರಚಿಸಿದರೆ, ಮೇಣದಂಥ ವಿಷವು ನಿಜವಾದ ಬೀಗವನ್ನು ಬಿಟ್ಟು ಇದಕ್ಕೆ ಅಂಟಿಕೊಳ್ಳುತ್ತದೆ. ಇಲಿಗಳಲ್ಲಿ ಇದು ಫಲ ಕೊಟ್ಟಿದೆ. ಮನುಷ್ಯರಿಗೆ ಬರುವ ದಾರಿ ಉದ್ದ. ನರದ ತುದಿಯನ್ನು ತಿನ್ನುವ ಕಟ್ಟುಹಾವಿನ ಇನ್ನೊಂದು ವಿಷಕ್ಕೆ ಇದು ಮದ್ದೂ ಅಲ್ಲ. ಆದ್ದರಿಂದ ಉಸಿರಿನ ಯಂತ್ರ ಮತ್ತು ಅದನ್ನು ನಡೆಸಬಲ್ಲ ವೈದ್ಯ, ಈ ಎರಡೂ ತಾಲೂಕಿನ ಆಸ್ಪತ್ರೆಯಲ್ಲಿ ಹಗಲು ರಾತ್ರಿ ಇರಬೇಕೆಂಬ ಬೇಡಿಕೆ ಸಂಶೋಧನೆಯ ಹೆಸರಿನಲ್ಲಿ ಹಿಂದೆ ಬೀಳಬಾರದು. ಪ್ರತಿವಿಷದ ಸೀಸೆಗಳು ಕಪಾಟಿನಲ್ಲಿದ್ದರೂ ಅದರ ಅಡ್ಡಪರಿಣಾಮಕ್ಕೆ ಅಂಜಿ ಮೊದಲ ಸೂಜಿಯನ್ನೂ ಚುಚ್ಚದೆ ಮುಂದಿನ ಊರಿಗೆ ಕಳಿಸಿಬಿಡುವ ಪದ್ಧತಿ ನಿಲ್ಲಬೇಕು. ದಾರಿಯಲ್ಲಿ ಕಳೆದ ಒಂದೊಂದು ಗಂಟೆಯಲ್ಲೂ ನರದ ತುದಿಗಳು ಕರಗುತ್ತಿರುತ್ತವೆ.

ಕಡಿತವನ್ನೇ ತಪ್ಪಿಸುವ ಮಾತು ಬಂದಾಗ ನಮ್ಮಲ್ಲಿ ಯಾರೂ ಎತ್ತದ ಒಂದು ವಿಷಯ ಇನ್ನೊಂದು ವಿದ್ಯುತ್ತಿನದು. ಪಂಪುಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಕರೆಂಟು ಎಂಬುದು ರಾಜ್ಯದ ಧೋರಣೆ. ಅದು ಪಾಳಿಯ ಮೇಲೆ ಬರುವುದರಿಂದ ಒಂದು ಭಾಗ ರಾತ್ರಿಗೆ ಬೀಳುತ್ತದೆ. ಕರೆಂಟು ಬಂದಾಗ ರೈತನು ಎದ್ದು ಕಬ್ಬಿನೊಳಗೆ ನೀರು ತಿರುಗಿಸಬೇಕು; ಹಾವು ಹೊರಡುವ ಹೊತ್ತೂ ಅದೇ. ಹೊಲದ ಕರೆಂಟನ್ನು ಹಗಲಿಗೆ ತರುವುದಕ್ಕೆ ಕುಸುಮ್ ಎಂಬ ಸೌರಯೋಜನೆ ನಡೆದಿದೆ. ಅದರ ಲಾಭನಷ್ಟವನ್ನು ಯೂನಿಟ್ಟಿನ ದರದಲ್ಲಿ ಅಳೆಯುತ್ತಾರೆಯೇ ಹೊರತು ಹಗಲು ಕರೆಂಟು ಉಳಿಸಬಹುದಾದ ಜೀವಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾವು ಕಡಿತದ ಕಾರ್ಯಯೋಜನೆಯ ಸಭೆಗೆ ವಿದ್ಯುತ್ ಕಂಪನಿಯ ಅಧಿಕಾರಿಯನ್ನೂ ಕರೆಯಬೇಕೆಂಬುದು ನನ್ನ ಸೂಚನೆ.

ಇನ್ನು ಕಬ್ಬು ಕಡಿಯುವ ಗ್ಯಾಂಗಿನವರು. ದೀಪಾವಳಿಯ ಸುಮಾರಿಗೆ ಅವರು ಬಂದಿಳಿಯುತ್ತಾರೆ. ಹೊಲದ ಅಂಚಿಗೇ ತಾಡಪತ್ರಿ ಹೊದಿಸಿದ ಗುಡಿಸಲು ಹಾಕಿ, ಮಕ್ಕಳುಮರಿಗಳನ್ನು ಮಗ್ಗುಲಲ್ಲಿಟ್ಟುಕೊಂಡು, ನೆಲದ ಮೇಲೆ ಮಲಗುತ್ತಾರೆ. ಕಟ್ಟುಹಾವಿಗೆ ಇದಕ್ಕಿಂತ ಸುಲಭವಾದ ಬೇಟೆಯಿಲ್ಲ. ನೇಪಾಳದ ತರಾಯಿಯಲ್ಲಿ ನಡೆದ ಅಧ್ಯಯನವೊಂದು ಸೊಳ್ಳೆಪರದೆಯೊಳಗೆ ಮಲಗಿದವರಿಗೆ ಹಾವು ಕಡಿತ ಬಹಳ ಕಡಮೆಯೆಂದು ತೋರಿಸಿದೆ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಸಾಕು. ಗ್ಯಾಂಗಿನ ಮುಕಾದಮನ ವಹಿಯಲ್ಲಿ ಮುಂಗಡ ಹಣದ ಲೆಕ್ಕವಿದೆ, ಟನ್ನಿನ ಲೆಕ್ಕವಿದೆ, ಕೊಯ್ತೆಯ ಲೆಕ್ಕವೂ ಇದೆ. ಈ ಹಂಗಾಮಿನಲ್ಲಿ ಅದೇ ವಹಿಯ ಒಂದು ಸಾಲಿನಲ್ಲಿ, ಕಾರಖಾನೆಯ ಖರ್ಚಿನಿಂದ, ಮನೆಗೊಂದು ಸೊಳ್ಳೆಪರದೆ ಮತ್ತು ಒಂದು ಬ್ಯಾಟರಿ ಎಂದು ಬರೆಯಿಸಲು ಸಕ್ಕರೆ ಕಾರಖಾನೆಗಳ ಆಡಳಿತಮಂಡಳಿಗಳಿಗೆ ಎಷ್ಟು ಟನ್ ಕಬ್ಬಿನ ಬೆಲೆ ತಗಲೀತು?